ಸ್ಕ್ಯಾನ್ ಬೇಡ ಎನ್ನುವ ಸ್ಕ್ಯಾನ್ ಡಾಕ್ಟರ್‌ಗಳ ಸಂಘ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಅಮೆರಿಕದ ರೇಡಿಯಾಲಜಿಸ್ಟ್‌ಗಳ ವೃತ್ತಿಸಂಘ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ. ಅದರ ಆಡಳಿತದ ಬಗ್ಗೆಯೂ ಅಲ್ಲಿ ಸದಾ ಚರ್ಚೆಯಲ್ಲಿರುವ ಮೌಲ್ಯಾಧಾರಿತ ಚಿಕಿತ್ಸೆಯ ಬಗ್ಗೆಯೂ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉದ್ದಕ್ಕೂ ಅದನ್ನು ಎಸಿಆರ್ ಎಂದಷ್ಟೇ ಕರೆದಿದ್ದೇವೆ.

ಎಸಿಆರ್‌ನಲ್ಲಿ ಅಧ್ಯಕ್ಷರಿದ್ದಾರೆ, ಬೋರ್ಡಿಗೊಬ್ಬರು ಚೇರ್ ಇದ್ದಾರೆ, ಸಾಲದ್ದಕ್ಕೆ ಸ್ಪೀಕರ್ ಬೇರೆ. ನಿಜವಾದ ಯಜಮಾನಿಕೆ ಯಾರದು?
*— ರೇಡಿಯಾಲಜಿ ಎಂ.ಡಿ. ವಿದ್ಯಾರ್ಥಿನಿ, ಮೈಸೂರು*

ಹೆಸರು ನೋಡಿ ಮೋಸಹೋಗಬೇಡಿ. ಅಲ್ಲಿ ಅಧ್ಯಕ್ಷ ಹುದ್ದೆ ಬಹುಮಟ್ಟಿಗೆ ಗೌರವದ್ದು. ಚುನಾಯಿತ ನಾಯಕತ್ವದ ತುದಿಯಲ್ಲಿ ಕೂರುವವರು ಬೋರ್ಡ್ ಆಫ್ ಚಾನ್ಸಲರ್ಸ್‌ನ ಚೇರ್. 1923ರಲ್ಲಿ ಹುಟ್ಟಿದ ಸಂಘಕ್ಕೆ ಆ ಸ್ಥಾನದಲ್ಲಿ ಮೊದಲ ಮಹಿಳೆ ಬಂದದ್ದು 2018ರಲ್ಲಿ, ಡಾ. ಜೆರಾಲ್ಡಿನ್ ಮೆಕ್‌ಗಿಂಟಿ.

ಕೆಲಸ ನಡೆಸುವುದು ಬೋರ್ಡ್, ನೀತಿ ಮಾಡುವುದು ಕೌನ್ಸಿಲ್. ರಾಜ್ಯ ಶಾಖೆಗಳು, ಉಪವಿಭಾಗಗಳ ಸಂಘಗಳು, ಯುವ ವೈದ್ಯರ ವಿಭಾಗ, ರೆಸಿಡೆಂಟ್‌ಗಳ (ತರಬೇತಿಯಲ್ಲಿರುವ ವೈದ್ಯರ) ವಿಭಾಗ ಎಲ್ಲವೂ ಕೌನ್ಸಿಲರ್‌ಗಳನ್ನು ಕಳಿಸುತ್ತವೆ. ಸಭೆ ನಡೆಸಿಕೊಡುವವರು ಸ್ಪೀಕರ್ ಮತ್ತು ವೈಸ್ ಸ್ಪೀಕರ್. ವರ್ಷಕ್ಕೊಮ್ಮೆ ವಾಷಿಂಗ್ಟನ್‌ನಲ್ಲಿ ಸೇರುತ್ತಾರೆ. ರೆಸಿಡೆಂಟ್‌ಗಳಿಗೂ ಅಲ್ಲಿ ಮತವಿದೆ ಎಂಬುದನ್ನು ನಮ್ಮ ಕಡೆಯ ಸಂಘಗಳು ಗಮನಿಸಬೇಕು.

ಒಂದು ಠರಾವು ಹಾಯುವ ದಾರಿ ನೋಡಿದರೆ ಯಜಮಾನಿಕೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಶಾಖೆಯೋ ಕೌನ್ಸಿಲರೋ ಗಡುವಿನೊಳಗೆ ಠರಾವು ಸಲ್ಲಿಸಬೇಕು. ಅದು ಒಂದು ರೆಫರೆನ್ಸ್ ಸಮಿತಿಗೆ ಹೋಗುತ್ತದೆ. ಸಮಿತಿ ಬಹಿರಂಗವಾಗಿ ಅಹವಾಲು ಕೇಳಿ ವರದಿ ಬರೆಯುತ್ತದೆ: ಅಂಗೀಕರಿಸಿ, ತಿದ್ದಿ ಅಂಗೀಕರಿಸಿ, ಬೋರ್ಡಿಗೆ ಒಪ್ಪಿಸಿ, ಇಲ್ಲವೇ ಕೈಬಿಡಿ. ಆಮೇಲೆ ಕೌನ್ಸಿಲ್‌ನ ಮತ. ತಕರಾರಿಲ್ಲದವನ್ನು ಒಟ್ಟಿಗೇ ಮತಕ್ಕೆ ಹಾಕುತ್ತಾರೆ, ಯಾರಾದರೂ ಒಂದನ್ನು ಹೊರಗೆಳೆದರೆ ಮಾತ್ರ ಅದಕ್ಕೆ ಪ್ರತ್ಯೇಕ ಚರ್ಚೆ.

ಠರಾವು ಮಣ್ಣುಪಾಲಾಗುವುದು ಸಾಮಾನ್ಯವಾಗಿ ಬರವಣಿಗೆಯಲ್ಲೇ. ಎರಡು ಪುಟ ‘ಏಕೆಂದರೆ’ಗಳನ್ನು ಪೇರಿಸಿ, ಕೊನೆಗೆ ‘ಸಂಘವು ಈ ವಿಷಯವನ್ನು ಬೆಂಬಲಿಸುತ್ತದೆ’ ಎಂದು ಒಂದು ಸಾಲು ಬರೆದರೆ, ಉಳಿಯುವುದು ಆ ಒಂದೇ ಸಾಲು. ಯಾರು, ಏನನ್ನು, ಎಷ್ಟರೊಳಗೆ ಮಾಡಬೇಕು ಎಂಬುದು ನಿರ್ಣಯದ ಸಾಲಿನಲ್ಲೇ ಇರಬೇಕು. ಇನ್ನೊಂದು ಅಪಾಯ ‘ಬೋರ್ಡಿಗೆ ಒಪ್ಪಿಸುವುದು’. ಅದು ಸೋಲಲ್ಲ, ಆದರೆ ಮುಂದಿನ ವರ್ಷ ವರದಿ ಕೇಳುವ ಕೌನ್ಸಿಲರ್ ಇಲ್ಲದಿದ್ದರೆ ಸೋಲೇ.

ರಾಜಕೀಯದ ದುಡ್ಡಿಗೆ ಬೇರೆಯೇ ಮನೆ ಇದೆ. ರಾಡ್‌ಪ್ಯಾಕ್ ಎಂಬ ದೇಣಿಗೆ ಸಮಿತಿ ಎಸಿಆರ್‌ಗೆ ಅಂಟಿಕೊಂಡ ಇನ್ನೊಂದು ಸಂಸ್ಥೆಯದ್ದು. ಸಂಘದ ನಿಧಿಯಿಂದ ಅಭ್ಯರ್ಥಿಗೆ ಹಣ ಹರಿಯಬಾರದೆಂದು ಈ ಗೋಡೆ.

‘ಮೌಲ್ಯ’ ಎಂದರೆ ಇಲ್ಲಿ ನೀತಿಯೋ, ದುಡ್ಡೋ?
*— ನಿವೃತ್ತ ಶಿಕ್ಷಕರು, ಧಾರವಾಡ*

ಎರಡನ್ನೂ ತಾಗುವ ಒಂದು ಲೆಕ್ಕ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಹೇಳಿದ್ದು: ರೋಗಿಗೆ ದಕ್ಕಿದ ಫಲವನ್ನು ಅದಕ್ಕೆ ತಗುಲಿದ ಖರ್ಚಿನಿಂದ ಭಾಗಿಸಿ. ಮಂಡಿ ಶಸ್ತ್ರಚಿಕಿತ್ಸೆಗೆ ಈ ಲೆಕ್ಕ ಸುಲಭ, ಆರು ತಿಂಗಳ ಮೇಲೆ ಮನುಷ್ಯ ಮೆಟ್ಟಿಲು ಹತ್ತುತ್ತಾನೋ ಇಲ್ಲವೋ ನೋಡಬಹುದು. ರೇಡಿಯಾಲಜಿಸ್ಟ್ ವರದಿ ಬರೆದದ್ದರಿಂದ ರೋಗಿ ಎಷ್ಟು ಗುಣವಾದ ಎಂದು ಹೇಗೆ ಅಳೆಯುವುದು? ಸ್ಕ್ಯಾನ್ ಬರೆದುಕೊಟ್ಟವರು ಒಬ್ಬರು, ಓದಿದವರು ಇನ್ನೊಬ್ಬರು, ಚಿಕಿತ್ಸೆ ಮಾಡಿದವರು ಮತ್ತೊಬ್ಬರು. ಅಮೆರಿಕದಲ್ಲಿ ರೇಡಿಯಾಲಜಿಸ್ಟರ ಸಂಪಾದನೆ ಬಹುಪಾಲು ಓದಿದ ಸ್ಕ್ಯಾನ್‌ಗಳ ಎಣಿಕೆಯ ಮೇಲೆ. ಕಡಿಮೆ ಸ್ಕ್ಯಾನ್ ಮಾಡಿಸಿ ಎಂದು ಸಲಹೆ ಕೊಟ್ಟವರ ಜೇಬಿಗೇ ಕತ್ತರಿ.

ಎಸಿಆರ್ 2013ರಲ್ಲಿ ‘ಇಮೇಜಿಂಗ್ 3.0’ ಎಂಬ ಹೆಸರಿನಲ್ಲಿ ಹೊರಟದ್ದು ಈ ಇಕ್ಕಟ್ಟಿಗೆ ಉತ್ತರವಾಗಿ. ಎಣಿಕೆಯ ಜಾಗದಲ್ಲಿ ಪ್ರಯೋಜನ ಕೂರಬೇಕು, ಸ್ಕ್ಯಾನ್ ಬರೆಯುವ ಕ್ಷಣದಿಂದ ವರದಿಯ ಸಲಹೆ ಜಾರಿಯಾಗುವವರೆಗೆ ರೇಡಿಯಾಲಜಿಸ್ಟ್ ಜೊತೆಗಿರಬೇಕು ಎಂಬುದು ಅದರ ತಿರುಳು. ನಮ್ಮ ಅಭಿಪ್ರಾಯ ಕೇಳಿದರೆ, ಸಂಬಳದ ಲೆಕ್ಕ ಬದಲಾಗದೆ ಈ ಮಾತು ಅರ್ಧದಾರಿಯಷ್ಟೇ ಹೋಗುತ್ತದೆ. ಆ ಅರ್ಧವೂ ಸಣ್ಣದಲ್ಲ.

ಸೊಂಟ ನೋವೆಂದು ಬಂದವರು ‘ಎಂಆರ್‌ಐ ಬರೆದುಕೊಡಿ ಡಾಕ್ಟ್ರೇ’ ಎಂದು ಪಟ್ಟು ಹಿಡಿಯುತ್ತಾರೆ. ಎಸಿಆರ್‌ನ ಸೂಕ್ತತಾ ಮಾನದಂಡಗಳು ನನ್ನಂಥ ಕ್ಲಿನಿಕ್ ವೈದ್ಯರಿಗೂ ಉಪಯೋಗವೇ? ಅಂಕಗಳನ್ನು ಹೇಗೆ ಕೊಡುತ್ತಾರೆ?
*— ಕುಟುಂಬ ವೈದ್ಯರು, ಶಿವಮೊಗ್ಗ*

ಖಂಡಿತ ಉಪಯೋಗ. ಯಾವ ಸ್ಥಿತಿಯ ರೋಗಿಗೆ ಯಾವ ಸ್ಕ್ಯಾನ್ ಸರಿ ಎಂದು ಹೇಳುವ ಪಟ್ಟಿಗಳು ಅವು, 1993ರಲ್ಲಿ ಶುರುವಾದ ಕೆಲಸ. ಒಂದೊಂದು ವಿಷಯಕ್ಕೂ ಒಂದು ತಂಡ, ಅದರಲ್ಲಿ ರೇಡಿಯಾಲಜಿಸ್ಟ್‌ಗಳ ಜೊತೆ ಬೇರೆ ವಿಭಾಗಗಳ ವೈದ್ಯರೂ ಇರುತ್ತಾರೆ. ಅಧ್ಯಯನಗಳನ್ನು ಓದಿ, ರೋಗಿಯ ಸ್ಥಿತಿಯನ್ನು ಬೇರೆಬೇರೆ ಸಂದರ್ಭಗಳಾಗಿ ಒಡೆಯುತ್ತಾರೆ. ಪ್ರತಿ ಸಂದರ್ಭದಲ್ಲೂ ಪ್ರತಿ ಸ್ಕ್ಯಾನ್‌ಗೆ ಪ್ರತಿ ಸದಸ್ಯರೂ ಗುಟ್ಟಾಗಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ತೆಗೆದುಕೊಳ್ಳುವುದು ಸರಾಸರಿಯನ್ನಲ್ಲ, ನಡುವಿನ ಅಂಕವನ್ನು. ಒಬ್ಬಿಬ್ಬರು ತುದಿಗೆ ಎಳೆದರೂ ಫಲಿತಾಂಶ ಅಲುಗಬಾರದೆಂದು ಹಾಗೆ. 7ರಿಂದ 9 ಬಂದರೆ ಸಾಮಾನ್ಯವಾಗಿ ಸೂಕ್ತ, 4ರಿಂದ 6 ಸೂಕ್ತವಾಗಬಹುದು, 1ರಿಂದ 3 ಸಾಮಾನ್ಯವಾಗಿ ಸೂಕ್ತವಲ್ಲ. ಅಂಕಗಳು ತೀರಾ ಚದುರಿದ್ದರೆ ‘ಭಿನ್ನಾಭಿಪ್ರಾಯವಿದೆ’ ಎಂದು ಅಲ್ಲೇ ಬರೆಯುತ್ತಾರೆ. ಇದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ನಿಮ್ಮ ಸೊಂಟ ನೋವಿನವರ ವಿಷಯಕ್ಕೆ ಬರೋಣ. ಹೊಸದಾಗಿ ಬಂದ ನೋವು, ಅಪಾಯದ ಚಿಹ್ನೆ ಯಾವುದೂ ಇಲ್ಲ ಎಂದರೆ ಎಕ್ಸ್‌ರೇ, ಸಿಟಿ, ಎಂಆರ್‌ಐ ಮೂರೂ ‘ಸೂಕ್ತವಲ್ಲ’ ಗುಂಪಿನಲ್ಲಿವೆ. ಆರು ವಾರ ಔಷಧಿ, ವ್ಯಾಯಾಮ ಮಾಡಿಸಿದರೂ ನೋವು ನಿಲ್ಲದೆ, ಶಸ್ತ್ರಚಿಕಿತ್ಸೆಯೋ ಇಂಜೆಕ್ಷನ್ನೋ ಬೇಕಾಗಬಹುದು ಎನ್ನುವಾಗ ಎಂಆರ್‌ಐ ಸೂಕ್ತವಾಗುತ್ತದೆ. ಮೂತ್ರ ಕಟ್ಟುವುದು, ಕುಳಿತುಕೊಳ್ಳುವ ಜಾಗ ಮರಗಟ್ಟುವುದು, ಕಾಲಿನ ಬಲ ದಿನದಿನಕ್ಕೆ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಜ್ವರ, ರೋಗನಿರೋಧಕ ಶಕ್ತಿ ಕುಂದಿರುವುದು, ಇವುಗಳಲ್ಲಿ ಒಂದಿದ್ದರೂ ಆರು ವಾರದ ಮಾತಿಲ್ಲ. ಮೂತ್ರ ಕಟ್ಟಿದವರನ್ನಂತೂ ಅದೇ ದಿನ ಕಳಿಸಬೇಕು.

ಪಟ್ಟಿಯಲ್ಲಿ ಅಂಕದ ಪಕ್ಕ ವಿಕಿರಣದ ಚಿಹ್ನೆಗಳೂ ಇರುತ್ತವೆ. ವಯಸ್ಕರಿಗೆ ಒಂದು ಚಿಹ್ನೆ ಎಂದರೆ 0.1 ಮಿಲಿಸೀವರ್ಟ್‌ಗಿಂತ (ವಿಕಿರಣದ ಅಳತೆ) ಕಡಿಮೆ, ಎದೆಯ ಎಕ್ಸ್‌ರೇ ಅಲ್ಲಿ ಬರುತ್ತದೆ. ಮೂರು ಚಿಹ್ನೆ 1ರಿಂದ 10, ನಾಲ್ಕು ಚಿಹ್ನೆ 10ರಿಂದ 30. ಹೊಟ್ಟೆಯ ಸಿಟಿಯನ್ನು ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ಕೊಡುವ ದ್ರವ) ಕೊಟ್ಟು ಒಂದೇ ಸಲ ಮಾಡಿದರೆ ಮೂರರಲ್ಲಿ ನಿಲ್ಲುವುದು, ಕೊಡುವ ಮೊದಲೊಮ್ಮೆ, ಕೊಟ್ಟ ಮೇಲೊಮ್ಮೆ ಮಾಡಿದರೆ ನಾಲ್ಕಕ್ಕೆ ಏರುತ್ತದೆ. ‘ಎರಡೂ ಇರಲಿ’ ಎಂದು ಅಭ್ಯಾಸಬಲದಿಂದ ಬರೆಯುವವರು ಈ ಒಂದು ಸಾಲನ್ನಾದರೂ ನೋಡಬೇಕು.

ಇಷ್ಟೆಲ್ಲ ಇದ್ದೂ ಎಡವುವುದು ಎಲ್ಲಿ? ಚೀಟಿಯಲ್ಲಿ. ‘ಸೊಂಟ ನೋವು, ಎಂಆರ್‌ಐ’ ಎಂದಷ್ಟೇ ಬರೆದರೆ ಯಾವ ಸಂದರ್ಭವೆಂದು ಓದುವವರಿಗೆ ತಿಳಿಯುವುದಿಲ್ಲ. ‘8 ವಾರದ ನೋವು, ಎಡಗಾಲಿಗೆ ಇಳಿಯುತ್ತದೆ, ಎಡ ಹೆಬ್ಬೆರಳು ಎತ್ತಲು ಬಲವಿಲ್ಲ, ಫಿಸಿಯೋಥೆರಪಿ ಆಗಿದೆ, ಕ್ಯಾನ್ಸರ್ ಇಲ್ಲ’ ಎಂದು ಬರೆಯಲು ಅರ್ಧ ನಿಮಿಷ ಸಾಕು. ವರದಿಯ ಗುಣ ಅಲ್ಲಿಂದಲೇ ಬದಲಾಗುತ್ತದೆ.

ಈ ಮಾನದಂಡಗಳನ್ನು ಅಮೆರಿಕದಲ್ಲಿ ಕಾನೂನೇ ಮಾಡಿದ್ದರಂತೆ, ಆಮೇಲೆ ಬಿಟ್ಟರಂತೆ?
*— ಆಸ್ಪತ್ರೆ ಆಡಳಿತಾಧಿಕಾರಿ, ಮಂಗಳೂರು*

ಹೌದು. 2014ರ ಕಾಯ್ದೆಯೊಂದು ಹೀಗೆ ಹೇಳಿತು: ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆ) ರೋಗಿಗೆ ಹೊರರೋಗಿ ವಿಭಾಗದಲ್ಲಿ ಸಿಟಿ, ಎಂಆರ್‌ಐ, ಪೆಟ್ ಬರೆಯುವ ವೈದ್ಯರು ಮೊದಲು ಕಂಪ್ಯೂಟರಿನಲ್ಲಿ ಮಾನದಂಡ ನೋಡಬೇಕು, ನೋಡಿದ್ದಕ್ಕೆ ಬಿಲ್‌ನಲ್ಲಿ ಸಂಕೇತ ಇರಬೇಕು, ಇಲ್ಲದಿದ್ದರೆ ಹಣವಿಲ್ಲ. ಎಸಿಆರ್ ಇದರ ಬೆನ್ನಿಗೆ ನಿಂತಿತ್ತು. ಎಡವಟ್ಟು ಏನೆಂದರೆ, ನೋಡಬೇಕಾದವರು ಬರೆಯುವ ವೈದ್ಯರು, ಹಣ ಕಳೆದುಕೊಳ್ಳುವವರು ಸ್ಕ್ಯಾನ್ ಮಾಡಿ ಓದಿದವರು. ಯಾರದೋ ಕ್ಲಿನಿಕ್‌ನ ಸಂಕೇತ ಆಸ್ಪತ್ರೆಯ ಬಿಲ್ಲಿಗೂ ರೇಡಿಯಾಲಜಿಸ್ಟರ ಬಿಲ್ಲಿಗೂ ತಪ್ಪಿಲ್ಲದೆ ದಾಟಬೇಕಿತ್ತು. 2020ರಿಂದ ಪ್ರಯೋಗಾರ್ಥ ನಡೆಯಿತು, ದಂಡ ಒಂದು ದಿನವೂ ಜಾರಿಯಾಗಲಿಲ್ಲ. 2024ರ ಆರಂಭದಿಂದ ಸರ್ಕಾರ ಅದನ್ನು ನಿಲ್ಲಿಸಿ ನಿಯಮಗಳನ್ನೇ ಹಿಂತೆಗೆದುಕೊಂಡಿತು. ಮಾನದಂಡಗಳು ಮಾತ್ರ ಈಗಲೂ ಬಳಕೆಯಲ್ಲಿವೆ. ನೀವು ನಿಮ್ಮ ಆಸ್ಪತ್ರೆಯಲ್ಲಿ ಇಂಥದ್ದೇನಾದರೂ ತರುವುದಿದ್ದರೆ, ತಪ್ಪಿಗೆ ದಂಡ ತೆರುವವರೂ ತಪ್ಪು ತಡೆಯಬಲ್ಲವರೂ ಒಬ್ಬರೇ ಆಗಿರುವಂತೆ ನೋಡಿಕೊಳ್ಳಿ.

ನಮ್ಮದು 22 ರೇಡಿಯಾಲಜಿಸ್ಟ್‌ಗಳ ಗುಂಪು. ಮಿಪ್ಸ್‌ನಲ್ಲಿ ಎಲ್ಲ ಸರಿಯಾಗಿ ಮಾಡಿದರೂ ಅಂಕ ಏರುವುದಿಲ್ಲ. ಯಾಕೆ?
*— ಕನ್ನಡಿಗ ವೈದ್ಯರು, ಒಹಾಯೊ*

ಮಿಪ್ಸ್ ಅರಿಯದ ಓದುಗರಿಗೆ ಎರಡು ಮಾತು. 2015ರ ಕಾಯ್ದೆಯಂತೆ 2017ರಿಂದ ಮೆಡಿಕೇರ್ ವೈದ್ಯರಿಗೆ ಅಂಕ ಹಾಕುತ್ತದೆ. ಈ ವರ್ಷದ ಅಂಕ ಎರಡು ವರ್ಷದ ನಂತರದ ಹಣಕ್ಕೆ ತಗುಲುತ್ತದೆ. ದಂಡ ಶೇ 9ರವರೆಗೆ. ಗೆದ್ದವರ ಬಹುಮಾನ ಬರುವುದು ಸೋತವರ ದಂಡದಿಂದ, ಹಾಗಾಗಿ ಸೋತವರು ಕಡಿಮೆ ಇದ್ದರೆ ಬಹುಮಾನವೂ ಚಿಲ್ಲರೆ. ಗುಣಮಟ್ಟ 30, ವೆಚ್ಚ 30, ದಾಖಲೆ ವಿನಿಮಯ 25, ಸುಧಾರಣೆ 15, ಇದು ಮಾಮೂಲಿ ಹಂಚಿಕೆ.

ಡಾಕ್ಟ್ರೇ, ನಿಮ್ಮಲ್ಲಿ ರೋಗಿಯನ್ನು ಮುಖಾಮುಖಿ ನೋಡುವವರು ಕಡಿಮೆ. ಗುಂಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಹಾಗಿದ್ದರೆ ದಾಖಲೆ ವಿನಿಮಯದ ಭಾಗ ಬಿದ್ದುಹೋಗುತ್ತದೆ. ವೆಚ್ಚಕ್ಕೆ ಬೇಕಾದಷ್ಟು ಪ್ರಕರಣಗಳು ನಿಮ್ಮ ಹೆಸರಿಗೆ ಬರದಿದ್ದರೆ ಅದೂ ಬೀಳುತ್ತದೆ. ಆಗ ಗುಣಮಟ್ಟವೇ 85, ಸುಧಾರಣೆ 15. ಒಂದೇ ಬುಟ್ಟಿಯಲ್ಲಿ ಅಷ್ಟೂ ಮೊಟ್ಟೆ. ಇನ್ನು ರೇಡಿಯಾಲಜಿಯ ಹಳೆಯ ಅಳತೆಗಳಲ್ಲಿ ಎಲ್ಲರೂ ನೂರರ ಹತ್ತಿರ ಇರುವುದರಿಂದ ಮೆಡಿಕೇರ್ ಅವುಗಳಲ್ಲಿ ಹಲವಕ್ಕೆ 10ರ ಬದಲು 7 ಅಂಕದ ಮಿತಿ ಹಾಕಿತ್ತು, 2025ರಿಂದ ಕೆಲವಕ್ಕೆ ಅದನ್ನು ತೆಗೆದಿದೆ. ಆರು ಅಳತೆಗಳಲ್ಲಿ ನಾಲ್ಕಕ್ಕೆ ಮಿತಿ ಇದ್ದರೆ, ತಪ್ಪೇ ಮಾಡದಿದ್ದರೂ ನಿಮಗೆ 60ಕ್ಕೆ 48, ಅಂದರೆ ಗುಣಮಟ್ಟದ 85ರಲ್ಲಿ 68. ಸುಧಾರಣೆಯ 15 ಪೂರ್ತಿ ಸಿಕ್ಕರೂ ಒಟ್ಟು 83. ದಂಡ ತಪ್ಪಿಸಲು ಒಟ್ಟು 75 ಬೇಕು. ಕೈಯಲ್ಲಿ ಉಳಿಯುವ ಅಂತರ ಎಷ್ಟು ತೆಳು ನೋಡಿ.

ಮಾಡಬಹುದಾದದ್ದು ಇದು. ಮೆಡಿಕೇರ್ ಮಾನ್ಯ ಮಾಡಿರುವ ಎಸಿಆರ್‌ನ ದತ್ತಾಂಶ ನೋಂದಣಿಯ ಮೂಲಕ ಸಲ್ಲಿಸಿದರೆ, ಮಾಮೂಲಿ ಪಟ್ಟಿಯಲ್ಲಿಲ್ಲದ ಅಳತೆಗಳೂ ಸಿಗುತ್ತವೆ. ಮಿತಿ ಬೀಳದ ಅಳತೆಗಳನ್ನು ವರ್ಷದ ಆರಂಭದಲ್ಲೇ ಆರಿಸಿ. ಅರ್ಹ ಪ್ರಕರಣಗಳಲ್ಲಿ ಶೇ 75ರಷ್ಟಕ್ಕಾದರೂ ದತ್ತಾಂಶ ಬೇಕು. ಮಾರ್ಚ್ ಕೊನೆಗೆ ವರದಿಯ ಟೆಂಪ್ಲೇಟ್ ತಿದ್ದಿದರೆ ಮೊದಲ ಮೂರು ತಿಂಗಳು ನೀರಿನಲ್ಲಿ ಹೋಮ. ಸುಧಾರಣೆಯ ಚಟುವಟಿಕೆ ಸತತ 90 ದಿನ ನಡೆಯಬೇಕಾದ್ದರಿಂದ ಅಕ್ಟೋಬರ್ ಆರಂಭಕ್ಕೆ ಶುರುವಾಗಲೇಬೇಕು. 15 ಅಥವಾ ಕಡಿಮೆ ವೈದ್ಯರ ಗುಂಪುಗಳಿಗೆ ಹಂಚಿಕೆ ಬೇರೆ, ಈ ಲೆಕ್ಕವನ್ನು ಅವರು ಹಾಗೇ ಎತ್ತಿಕೊಳ್ಳಬಾರದು.

ಇದರಿಂದ ರೋಗಿಗೆ ಎಷ್ಟು ಲಾಭ ಎಂದು ಕೇಳಬೇಡಿ. ಅಂಕ ಬರುವ ಕೆಲಸವೇ ಬೇರೆ, ಪ್ರಯೋಜನದ ಕೆಲಸವೇ ಬೇರೆ ಆಗಿಹೋದದ್ದು ಈ ವ್ಯವಸ್ಥೆಯ ದೊಡ್ಡ ಕೊರತೆ.

ನನ್ನ ತಮ್ಮನಿಗೆ ಪೆನ್ಸಿಲ್ವೇನಿಯಾದಲ್ಲಿ ಅಪಘಾತವಾಗಿ ಸಿಟಿ ಮಾಡಿದಾಗ ಶ್ವಾಸಕೋಶದಲ್ಲಿ 7 ಮಿ.ಮೀ. ಗಂಟು ಕಂಡಿತಂತೆ. ಆಸ್ಪತ್ರೆಯಲ್ಲಿ ಯಾರೂ ಏನೂ ಹೇಳಲಿಲ್ಲ, ಆಮೇಲೆ ಮನೆಗೆ ಕಾಗದ ಬಂತು. ಇದೇನು ಕ್ರಮ?
*— ಗೃಹಿಣಿ, ಹಾಸನ*

ಕಾಗದ ಬಂದದ್ದು ಬಹುಶಃ ಆ ರಾಜ್ಯದ 2018ರ ಕಾನೂನಿನಿಂದ. ಹೊರರೋಗಿಯ ಸ್ಕ್ಯಾನ್‌ನಲ್ಲಿ ಮುಖ್ಯವಾದ ದೋಷ ಕಂಡರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಸ್ಕ್ಯಾನ್ ಮಾಡಿದ ಸಂಸ್ಥೆ 20 ದಿನದೊಳಗೆ ರೋಗಿಗೇ ನೇರ ತಿಳಿಸಬೇಕು. ಗಾಬರಿ ಬೇಡಮ್ಮ, ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಸೂಚನೆ ಹೀಗಿದೆ: ವಯಸ್ಸು 35 ದಾಟಿ, ಹಿಂದೆ ಕ್ಯಾನ್ಸರ್ ಆಗಿಲ್ಲದಿದ್ದರೆ, 6 ಮಿ.ಮೀ.ಗಿಂತ ಚಿಕ್ಕ ಒಂಟಿ ಗಟ್ಟಿ ಗಂಟಿಗೆ ಅಪಾಯ ಕಡಿಮೆ ಇರುವವರಲ್ಲಿ ಮರುಪರೀಕ್ಷೆ ಬೇಕಿಲ್ಲ. 6ರಿಂದ 8 ಮಿ.ಮೀ. ಇದ್ದರೆ 6–12 ತಿಂಗಳಲ್ಲಿ ಮತ್ತೊಂದು ಸಿಟಿ. ಈ ಷರತ್ತುಗಳು ಹೊಂದಿದರೆ ನಿಮ್ಮ ತಮ್ಮನವರದು ಈ ಗುಂಪಿನದು. ದಿನಾಂಕ ತಪ್ಪದಂತೆ ನೋಡಿಕೊಳ್ಳಲು ಹೇಳಿ, ಹಳೆಯ ಸ್ಕ್ಯಾನ್‌ನ ಚಿತ್ರಗಳನ್ನು ಜೊತೆಗೆ ಒಯ್ಯಲಿ. ಹಳೆಯದರ ಜೊತೆ ಹೋಲಿಸದ ಮರುಪರೀಕ್ಷೆಗೆ ಅರ್ಥವಿಲ್ಲ.

ಇದು ವೈದ್ಯ ಓದುಗರಿಗೂ ಮುಖ್ಯ ವಿಷಯ. ಮೌಲ್ಯ ಸೋರಿಹೋಗುವ ದೊಡ್ಡ ತೂತು ಇಲ್ಲೇ ಇದೆ. ಸ್ಕ್ಯಾನ್ ಆಯಿತು, ಗಂಟು ಕಂಡಿತು, ವರದಿಯಲ್ಲಿ ಬರೆದಾಯಿತು, ಮುಂದೆ ಯಾರೂ ನೋಡಲಿಲ್ಲ. ತುರ್ತು ವಿಭಾಗದ ವೈದ್ಯರು ಕೈ ಮುರಿದದ್ದನ್ನು ನೋಡಿ ಕಳಿಸುತ್ತಾರೆ, ಗಂಟಿನ ಸಾಲು ಎರಡನೇ ಪುಟದಲ್ಲಿ ಉಳಿಯುತ್ತದೆ. ತೂತು ಮುಚ್ಚಲು ಮೊದಲು ವರದಿಯ ಭಾಷೆ ಸರಿಯಾಗಬೇಕು. ‘ಅಗತ್ಯವೆನಿಸಿದರೆ ಮರುಪರೀಕ್ಷೆ’ ಎಂಬುದು ಸಲಹೆಯಲ್ಲ, ನುಣುಚಿಕೊಳ್ಳುವ ದಾರಿ. ಯಾವ ಪರೀಕ್ಷೆ, ಯಾವ ತಿಂಗಳಿಂದ ಯಾವ ತಿಂಗಳೊಳಗೆ, ಯಾತಕ್ಕೆ, ಈ ಮೂರೂ ವರದಿಯ ಕೊನೆಯ ಅಭಿಪ್ರಾಯದಲ್ಲಿ ಇರಬೇಕು. ಹುಡುಕಲು ಸಿಗುವಂಥ ಒಂದೇ ಗುರುತುಪದ ಎಲ್ಲರೂ ಬಳಸಬೇಕು. ಆ ಪದವಿರುವ ವರದಿಗಳೆಲ್ಲ ತಾವಾಗಿ ಒಂದು ಪಟ್ಟಿಗೆ ಬೀಳಬೇಕು, ಪಟ್ಟಿಗೆ ಒಬ್ಬರು ಜವಾಬ್ದಾರರು ಬೇಕು. ಗಡುವು ಕಳೆದು ಒಂದು ತಿಂಗಳಾದರೂ ಸ್ಕ್ಯಾನ್ ಕಾಣದಿದ್ದರೆ ಮೊದಲು ಬರೆದುಕೊಟ್ಟ ವೈದ್ಯರಿಗೆ, ಆಮೇಲೆ ರೋಗಿಗೆ ತಿಳಿಸಬೇಕು. ಪ್ರತಿ ಹೆಸರಿಗೂ ಒಂದು ಮುಕ್ತಾಯ ಇರಲಿ: ಆಯಿತು, ಬೇರೆಡೆ ಆಯಿತು, ರೋಗಿ ಬೇಡವೆಂದರು, ತೀರಿಕೊಂಡರು. ‘ಬೇರೆಡೆ ಆಯಿತು’ ಎಂಬುದನ್ನು ಮರೆತ ಪಟ್ಟಿಗಳು ಆರು ತಿಂಗಳಲ್ಲಿ ಉಬ್ಬಿ ಯಾರೂ ತೆರೆಯದ ಕಡತವಾಗುತ್ತವೆ.

ಸಹೋದ್ಯೋಗಿಗಳ ತಪ್ಪಿಗೆ ಅಂಕ ಕೊಡುವ ರ್‍ಯಾಡ್‌ಪಿಯರ್ ಒಳ್ಳೆಯದೇ?
*— ರೇಡಿಯಾಲಜಿಸ್ಟ್, ಬೆಳಗಾವಿ*

ಎಸಿಆರ್ ಅದನ್ನು 2002ರಲ್ಲಿ ತಂದಾಗ ಒಳ್ಳೆಯದೇ ಆಗಿತ್ತು. ಹಳೆಯ ಸ್ಕ್ಯಾನ್ ಎದುರಿಗಿರುವಾಗ ಹಿಂದಿನವರ ವರದಿಗೆ ಒಪ್ಪಿಗೆಯಾದರೆ 1, ಯಾರಿಗಾದರೂ ತಪ್ಪಬಹುದಾದದ್ದು ತಪ್ಪಿದ್ದರೆ 2, ಕಾಣಲೇಬೇಕಾದದ್ದು ತಪ್ಪಿದ್ದರೆ 3. ಪಕ್ಕದ ಕೋಣೆಯವರಿಗೆ 3 ಕೊಡಲು ಯಾರ ಕೈ ಬರುತ್ತದೆ? ಬಹುತೇಕ ಎಲ್ಲರಿಗೂ 1 ಬಿದ್ದಮೇಲೆ ಕಲಿಯಲು ಏನೂ ಉಳಿಯುವುದಿಲ್ಲ. ಅದಕ್ಕೇ ಈಗ ಒಲವು ಅಂಕವಿಲ್ಲದ ಕಲಿಕೆಯ ಕಡೆ: ಪ್ರಕರಣ ಸಲ್ಲಿಸಿ, ಹೆಸರು ತೆಗೆದು, ತಿಂಗಳಿಗೊಮ್ಮೆ ಎಲ್ಲರೂ ಕೂತು ನೋಡುವುದು. ನಡೆಸುವವರು ಸಂಬಳ, ಬಡ್ತಿ ನೋಡಿಕೊಳ್ಳುವವರಾಗಿರಬಾರದು.

ನಮ್ಮ ಜಿಲ್ಲೆಯ ರೇಡಿಯಾಲಜಿಸ್ಟ್‌ಗಳ ಸಂಘದಲ್ಲಿ ಎರಡು ಠರಾವು ತರಬೇಕೆಂದಿದ್ದೇವೆ. ಎಂಆರ್‌ಐಗೆ ಕನಿಷ್ಠ ದರ ನಿಗದಿ ಮಾಡುವುದು, ರೆಫರಲ್ ಕಮಿಷನ್ ಕೊಡುವವರ ಸದಸ್ಯತ್ವ ರದ್ದು ಮಾಡುವುದು. ಎಸಿಆರ್ ಮಾದರಿಯಲ್ಲಿ ಮಾಡಬಹುದೇ?
*— ಸಂಘದ ಪದಾಧಿಕಾರಿ, ಹುಬ್ಬಳ್ಳಿ*

ಮೊದಲನೆಯದನ್ನು ಇಂದೇ ಹರಿದುಹಾಕಿ. ಅಮೆರಿಕದಲ್ಲಿ ವಕೀಲರ ಸಂಘದ ಕನಿಷ್ಠ ಶುಲ್ಕದ ಪಟ್ಟಿಯನ್ನು ಅಲ್ಲಿಯ ಸುಪ್ರೀಂ ಕೋರ್ಟ್ 1975ರಲ್ಲೇ ಅಕ್ರಮವೆಂದಿತು. ವೃತ್ತಿಸಂಘವೆಂಬ ಕಾರಣಕ್ಕೆ ವಿನಾಯಿತಿ ಸಿಗಲಿಲ್ಲ. ನಮ್ಮಲ್ಲಿ 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಅದನ್ನೇ ಹೇಳುತ್ತದೆ, ಸಂಘಗಳೂ ಅದರೊಳಗೆ ಬರುತ್ತವೆ. ಔಷಧ ವ್ಯಾಪಾರಿಗಳ ಸಂಘಗಳು ಸ್ಪರ್ಧಾ ಆಯೋಗದಿಂದ ದಂಡ ಹಾಕಿಸಿಕೊಂಡಿವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಇಷ್ಟಕ್ಕಿಂತ ಇಳಿಸಬೇಡಿ’ ಎಂದು ಹಾಕಿದ ಸಂದೇಶವೂ ಸಾಕ್ಷ್ಯವೇ.

ಎರಡನೆಯದಕ್ಕೆ ಗಟ್ಟಿ ನೆಲವಿದೆ. ವೈದ್ಯರ ನಡತೆಯ 2002ರ ನಿಯಮಾವಳಿಯ 6.4 ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದದ್ದರಿಂದ ಹಳೆಯದೇ ಚಾಲ್ತಿಯಲ್ಲಿ ಉಳಿಯಿತು. ಈ ಪಿಡುಗು ಊಹೆಯ ಮಾತೂ ಅಲ್ಲ, 2017ರಲ್ಲಿ ಬೆಂಗಳೂರಿನ ಡಯಾಗ್ನೊಸ್ಟಿಕ್ ಕೇಂದ್ರಗಳ ಮೇಲೆ ನಡೆದ ಆದಾಯ ತೆರಿಗೆ ದಾಳಿಗಳಲ್ಲೇ ಬೆಳಕಿಗೆ ಬಂದಿದೆ. ಕಮಿಷನ್ನಿನ ಸ್ಕ್ಯಾನ್‌ಗೆ ಯಾವ ಮಾನದಂಡವೂ ನಾಟುವುದಿಲ್ಲ, ಅಲ್ಲಿ ಬೇಕು ಬೇಡ ನಿರ್ಧಾರವಾಗುವುದು ಲಕೋಟೆಯಲ್ಲಿ.

ಆದರೆ ಠರಾವೊಂದರಿಂದಲೇ ಸದಸ್ಯತ್ವ ಕಿತ್ತುಕೊಳ್ಳಲಾಗದು. ಮೊದಲು ಬೈಲಾ ತಿದ್ದುಪಡಿಯಾಗಬೇಕು: ಯಾವ ನಡತೆ ತಪ್ಪು, ದೂರು ಕೇಳುವವರು ಯಾರು, ಉತ್ತರಿಸಲು ಎಷ್ಟು ದಿನ, ಮೇಲ್ಮನವಿ ಎಲ್ಲಿಗೆ. ಮಹಾಸಭೆಯ ನೋಟಿಸಿನಲ್ಲಿ ತಿದ್ದುಪಡಿಯ ಪೂರ್ತಿ ಪಠ್ಯ ಇರಲಿ. ‘ಅಧ್ಯಕ್ಷರ ಅನುಮತಿಯಿಂದ ಇತರೆ ವಿಷಯಗಳು’ ಎಂಬ ಸಾಲಿನಡಿ ತಂದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಕೋರಂ, ಹಾಜರಿ ಸಹಿ, ಸೂಚಕರು, ಅನುಮೋದಕರು, ಪರ ಮತ್ತು ವಿರೋಧ ಮತಗಳ ಎಣಿಕೆ ನಡಾವಳಿ ಪುಸ್ತಕದಲ್ಲಿ ಅಂದೇ ಬರೆಯಿರಿ. ತಿದ್ದಿದ ಬೈಲಾವನ್ನು ಸಂಘಗಳ ರಿಜಿಸ್ಟ್ರಾರರ ಬಳಿ ದಾಖಲಿಸಿ. ದೂರು ಕೇಳುವ ಸಮಿತಿಯಲ್ಲಿ ಆ ಊರಿನ ಪ್ರತಿಸ್ಪರ್ಧಿ ಸ್ಕ್ಯಾನ್ ಸೆಂಟರಿನವರು ಕೂರಬಾರದು, ಒಬ್ಬರಾದರೂ ಹೊರಗಿನವರಿರಲಿ.

ಪದಾಧಿಕಾರಿಗಳು ಮೊದಲು ತಮ್ಮದನ್ನು ಬರೆದುಕೊಡಲಿ: ಯಾವ ಸೆಂಟರಿನಲ್ಲಿ ಪಾಲಿದೆ, ಯಾವ ಯಂತ್ರದ ಕಂಪನಿ ಸಮ್ಮೇಳನಕ್ಕೆ ದುಡ್ಡು ಕೊಟ್ಟಿದೆ. ಎಸಿಆರ್‌ನ ಸಮಿತಿಗಳಲ್ಲಿ ಇಂಥ ಘೋಷಣೆ ಕಡ್ಡಾಯ. ಘೋಷಣಾ ಪತ್ರ ತುಂಬಲು ಒಪ್ಪದವರನ್ನು ದೂರು ಸಮಿತಿಗೆ ನೇಮಿಸಬೇಡಿ. ಇನ್ನು ಸಾಕ್ಷ್ಯ ಗಟ್ಟಿಯಿರುವ ದೂರನ್ನು ಸಂಘದಲ್ಲೇ ಇಟ್ಟುಕೊಂಡು ಕೂರದೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕಳಿಸಿ. ನೋಂದಣಿಯ ಮೇಲೆ ಕೈಯಿಡುವ ಅಧಿಕಾರ ಇರುವುದು ಅವರಿಗೆ, ಸಂಘಕ್ಕಲ್ಲ.